ಬಾಷಾ ಸಾಬರ ಟಿವಿಗಿಂತ ಮೊದಲು ಬಂದ ಸುದ್ದಿ

೨೦೨೩ರಲ್ಲಿ ನಾನು ಕನ್ನಡದ ಸುದ್ದಿ ವಾಹಿನಿಯೊಂದಕ್ಕೆ ತಿಪಟೂರು ಭಾಗದ ವರದಿಗಾರನಾಗಿದ್ದೆ. ಕೊಬ್ಬರಿ ಧಾರಣೆ, ರಸ್ತೆ ಅಪಘಾತ, ಬತ್ತಿದ ಬೋರ್‌ವೆಲ್, ಹೆಚ್ಚಾಗಿ ಇಷ್ಟೇ ನನ್ನ ಸುದ್ದಿ. ಆಗಸ್ಟ್ ೨೩ರ ಸಂಜೆ ಆರರ ನಂತರ ಚಂದ್ರಯಾನ-೩ರ ಲ್ಯಾಂಡರ್ ಚಂದ್ರನ ಮೇಲೆ ಇಳಿಯುವುದಿತ್ತು. ಹಳ್ಳಿಯ ಜನ ಅದನ್ನು ನೋಡುವ ದೃಶ್ಯವನ್ನು ನೇರಪ್ರಸಾರ ಮಾಡಬೇಕೆಂದು ಬೆಂಗಳೂರಿನ ಡೆಸ್ಕ್ ಹೇಳಿತು. ನಾನು ಹೊನ್ನವಳ್ಳಿಗೆ ಹೋದೆ.

ಹೊನ್ನವಳ್ಳಿಯೇ ಏಕೆಂದರೆ, ಅಲ್ಲಿ ಬಾಷಾ ಸಾಬರ ಟಿವಿ ರಿಪೇರಿ ಅಂಗಡಿ ಇತ್ತು. ೨೦೧೯ರಲ್ಲಿ ಹಿಂದಿನ ಲ್ಯಾಂಡರ್ ಇಳಿಯುವಾಗಲೂ ಅವರು ತಮ್ಮ ದೊಡ್ಡ ಟಿವಿಯನ್ನು ಹೊರಗಿಟ್ಟು ಊರಿಗೆಲ್ಲ ತೋರಿಸಿದ್ದರು. ಕೊನೆಯಲ್ಲಿ ಸಂಪರ್ಕ ಕಡಿದು, ವಿಜ್ಞಾನಿಗಳು ಕೂತಲ್ಲೇ ಕಲ್ಲಾದರು. ಚಿತ್ರ ಅಲುಗದ್ದನ್ನು ಕಂಡ ಸಾಬರು ಟಿವಿಯೇ ಕೆಟ್ಟಿತೆಂದು ಅದರ ಬೆನ್ನಿಗೆ ಎರಡು ಗುದ್ದಿದರು. ಲ್ಯಾಂಡರ್ ಬಿದ್ದದ್ದು ಆ ಗುದ್ದಿಗೇ ಎಂಬ ತಮಾಷೆ ಊರಲ್ಲಿ ನಿಂತುಬಿಟ್ಟಿತು. ರಿಪೇರಿಗೆ ಟಿವಿ ತಂದವರೂ “ಗುದ್ಬ್ಯಾಡಿ ಸಾಬ್ರೇ” ಅನ್ನುತ್ತಿದ್ದರು.

ಹಾಗಾಗಿ ಈ ಸಲ ಟಿವಿ ಹೊರಗಿಡಲು ಅವರು ಒಪ್ಪಲಿಲ್ಲ. “ಬ್ಯಾಡ ಸಾರ್. ಇವತ್ತೂ ಹಂಗೇ ಆದ್ರೆ ನಾನು ಈ ಊರಲ್ಲಿ ತಲೆ ಎತ್ಕಂಡ್ ಓಡಾಡಂಗಿಲ್ಲ.”

ಪಕ್ಕದ ಕೊಬ್ಬರಿ ಶೆಡ್ಡಿನಲ್ಲಿ ಕಾಯಿ ಸುಲಿಯುತ್ತಿದ್ದ ರಂಗಪ್ಪ ಕೂಗಿದ: “ಟಿವಿ ಮಡಗು ಬಾರ್ಲಾ ಬಾಷಾ, ಈ ಸಲ ನಿನ್ ಕೈ ಕಟ್ಟಾಕ್ತೀವಿ!”

“ಮೊದ್ಲು ನಿನ್ ಬಾಯಿ ಕಟ್ಟಾಕ್ಕೋ ಕಣ್ಲಾ,” ಎಂದರು ಸಾಬರು. ಆದರೂ ಒಳಗೆ ಹೋಗಿ ಟಿವಿ ಎತ್ತಿಕೊಂಡು ಬಂದರು.

ಜನ ಸಿಪ್ಪೆಯ ರಾಶಿಯ ಮೇಲೆಲ್ಲ ಕೂತರು. ಸಾಬರು ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಟಿವಿಯ ಪಕ್ಕ ನಿಂತರು.

ಇಲ್ಲಿ ನಮ್ಮ ಕಸುಬಿನ ಒಂದು ವಿಷಯ ಹೇಳಬೇಕು. ನೇರಪ್ರಸಾರದ ವರದಿಗಾರನ ಕಿವಿಯಲ್ಲಿ ಇಯರ್‌ಪೀಸ್ ಇರುತ್ತದೆ. ಸ್ಟುಡಿಯೋದ ಮಾತು ಅದಕ್ಕೆ ಫೋನ್ ಮೂಲಕ ತಕ್ಷಣ ಬರುತ್ತದೆ. ಅದೇ ಮಾತು ಉಪಗ್ರಹಕ್ಕೆ ಹೋಗಿ, ಡಿಶ್‌ಗೆ ಇಳಿದು, ಟಿವಿಗೆ ಬರುವಾಗ ಕೆಲವು ಸೆಕೆಂಡು ತಡವಾಗುತ್ತದೆ.

ಟಿವಿಯಲ್ಲಿ ಲ್ಯಾಂಡರ್ ಇನ್ನೂ ಇಳಿಯುತ್ತಿತ್ತು. ನನ್ನ ಕಿವಿಯಲ್ಲಿ ಒಮ್ಮೆಲೇ ಚಪ್ಪಾಳೆ ಸಿಡಿಯಿತು. “ಇಳೀತು! ಊರಿಗೆ ನೀವೇ ಮೊದ್ಲು ಹೇಳಿ ಸಾರ್, ಹೇಳಿ!” ಎಂದು ಪ್ರೊಡ್ಯೂಸರ್ ಕಿರುಚಿದರು. ಮೈಕ್ ಕೈಯಲ್ಲೇ ಇತ್ತು. ಇಡೀ ಊರಿಗೆ ಗೊತ್ತಿಲ್ಲದ್ದು ನನಗೊಬ್ಬನಿಗೆ ಗೊತ್ತಿತ್ತು.

ಸಾಬರು ನನ್ನ ಮುಖ ನೋಡಿದರು. “ಹೋಯ್ತಾ ಸಾರ್?” ಎಂದರು, ಕೇಳಿಯೂ ಕೇಳಿಸದಷ್ಟು ಮೆಲ್ಲಗೆ.

ನಾನು ಮೈಕ್ ಕೆಳಗಿಳಿಸಿದೆ. “ನಿಮ್ ಟಿವೀನೇ ಹೇಳ್ತದೆ, ನೋಡಿ ಸಾಬ್ರೇ.”

ಆ ಕೆಲವು ಸೆಕೆಂಡುಗಳಲ್ಲಿ ಕಂಡ ಮುಖಗಳನ್ನು ಮತ್ತೆಲ್ಲೂ ಕಂಡಿಲ್ಲ. ಬೀಡಿ ಹಚ್ಚಲು ಗೀರಿದ ಕಡ್ಡಿ ರಂಗಪ್ಪನ ಬೆರಳಿನವರೆಗೂ ಉರಿದು ಬಂದಿತ್ತು. ತೆಂಗಿನ ತಲೆಗಳ ಮೇಲೆ ಅರ್ಧ ಚಂದ್ರ ಬಿಳಿಚಿಕೊಂಡು ನಿಂತಿದ್ದ. ಅವನತ್ತ ಯಾರೂ ನೋಡುತ್ತಿರಲಿಲ್ಲ.

ಟಿವಿಯಲ್ಲಿ ವಿಜ್ಞಾನಿಗಳು ಎದ್ದು ನಿಂತರು. ಊರೂ ಎದ್ದು ನಿಂತಿತು. ರಂಗಪ್ಪ ಓಡಿಬಂದು ಸಾಬರ ಕೈ ಹಿಡಿದೆಳೆದ: “ಗುದ್ದೋ ಈಗ! ಎಷ್ಟ್ ಬೇಕೋ ಅಷ್ಟ್ ಗುದ್ದು!”

ಸಾಬರು ಅಂಗೈಯನ್ನು ಟಿವಿಯ ಬೆನ್ನ ಮೇಲೆ ಮೆಲ್ಲಗೆ ಇಟ್ಟರು. “ಬ್ಯಾಡ ಬುಡು, ಬಿಸಿಯಾಗೈತೆ ಪಾಪ.”

ಎಲ್ಲರಿಗಿಂತ ಮೊದಲು ಸುದ್ದಿ ಹೇಳುವುದೇ ಕಸುಬು ಎಂದು ಕಲಿತವನು ನಾನು. ಅಂದು ಪ್ರೊಡ್ಯೂಸರ್ ಬೈದರು, ಅದು ಸರಿಯೇ. ಆದರೆ ನಾಲ್ಕು ವರ್ಷ ಕಾದವನ ಸುದ್ದಿಗೆ ಅಡ್ಡ ನಿಲ್ಲಬಾರದು ಎಂಬುದನ್ನೂ ಆ ಕಸುಬೇ ನನಗೆ ಹೊನ್ನವಳ್ಳಿಯಲ್ಲಿ ಕಲಿಸಿತು.