ಇಡ್ಲಿ ತಿಂದ ನಕ್ಷತ್ರ ಆಮೆ

ಚೆನ್ನೈನ ಅಡ್ಯಾರಿನಲ್ಲಿರುವ ನನ್ನ ಪಶು ಕ್ಲಿನಿಕ್ಕಿಗೆ ಒಂದು ಬೆಳಿಗ್ಗೆ ಹೋಟೆಲ್ ನಡೆಸುವ ಹೆಬ್ಬಾರರು ಬುಟ್ಟಿಯಲ್ಲಿ ನಕ್ಷತ್ರ ಆಮೆಯೊಂದನ್ನು ತಂದರು.

"ಡಾಕ್ಟ್ರೇ, ಇದರ ಚಿಪ್ಪು ಮೆತ್ತಗಾಗಿದೆ. ದಿನಾ ಬಿಸಿ ಇಡ್ಲಿಯೇ ಕೊಡುದು, ಆದ್ರೂ!"

"ಇಡ್ಲಿಯಿಂದಲೇ ಹೀಗಾಗಿದೆ. ಅಲ್ಲದೆ, ಕಾಡಿನ ಈ ಆಮೆಯನ್ನು ಮನೆಯಲ್ಲಿ ಸಾಕುವುದು ಅಪರಾಧ. ಜೈಲೂ ಆಗಬಹುದು," ಎಂದೆ.

"ಗಿರಾಕಿಯೊಬ್ಬ ಪ್ರೀತಿಯಿಂದ ಕೊಟ್ಟದ್ದು ಮಾರಾಯ್ರೆ! ಮಗಳ ಹಾಗೆ ನೋಡಿಕೊಂಡದ್ದು."

"ಮಗಳಾದರೆ ಅವಳ ಮನೆಗೆ ಕಳಿಸಲೇಬೇಕಲ್ಲ?"

ಕೊನೆಗೆ ಹೆಬ್ಬಾರರು ತಾವೇ ಅರಣ್ಯ ಇಲಾಖೆಗೆ ಫೋನ್ ಮಾಡಿದರು. ಆಮೆಯನ್ನು ಒಯ್ಯಲು ಬಂದ ಸಿಬ್ಬಂದಿಯನ್ನು ಬಾಗಿಲಲ್ಲೇ ತಡೆದು, ಕಣ್ಣೊರೆಸಿಕೊಳ್ಳುತ್ತ ತಮಿಳಿನಲ್ಲಿ ಕೇಳಿದರು, "ಅಲ್ಲಿ ಇದಕ್ಕೆ ಊಟ ಏನು?"

"ಹುಲ್ಲು, ಸೊಪ್ಪು."

"ಸದ್ಯ, ವೆಜ್ಜೇ!" ಎಂದು ಹೆಬ್ಬಾರರು ನಿಟ್ಟುಸಿರಿಟ್ಟರು.

ಪಾಪ, ಅವರನ್ನು ಇಷ್ಟು ಹೊತ್ತೂ ಕಾಡುತ್ತಿದ್ದ ಭಯ ಇದೆಂದು ನನಗೆ ತಿಳಿದದ್ದೇ ಆಗ.