ಅಜ್ಜಿ ಹೇಳಿದ ಕಾವಲುಗಾರ

ಈ ರಾತ್ರಿ ಎರಡೂವರೆಗೆ ಮಗಳ ಕೆಮ್ಮಿಗೆ ಎಚ್ಚರವಾಯಿತು, ಅವಳ ಮೈ ಸುಡುತ್ತಿತ್ತು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಡಾಕ್ಟರ ನಂಬರು ಕೇಳಿದೆ. ಹಲವರು ನೋಡಿದರು, ಒಬ್ಬರೂ ಉತ್ತರಿಸಲಿಲ್ಲ.

ನಮ್ಮೂರು ನಂದಿಗುಡಿಯಲ್ಲಿ ನನ್ನಜ್ಜಿ, ಗದ್ದೆ ಕಾಯುವವನಿಗೆ ಸುಗ್ಗಿಯಲ್ಲಿ ಮೊರದ ತುಂಬ ಭತ್ತ ಕೊಡುತ್ತಿದ್ದಳು. ಒಂದು ವರ್ಷ ದನ ನುಗ್ಗಿ ಪೈರು ಮೇಯುವಾಗ ಅವನು ಬದುವಿನ ಮೇಲೆ ಕೂತೇ ಇದ್ದ.

"ನಾ ನೋಡಿದ್ನಿ ಕಣವ್ವಾ," ಎಂದ, ಸುಗ್ಗಿ ಬಂದಾಗ ಕಣದಲ್ಲಿ ಮೊರ ಚಾಚಿ.

"ಬರೀ ನೋಡಾಕೆ ಬೆದರುಗೊಂಬಿ ಐತಲ್ಲೋ! ನೋಡಿ ಕೂಗಿದ್ರ ಕಾವಲುಗಾರ ಅಂತಾರ," ಎಂದು ಅಜ್ಜಿ ಆ ಮೊರಕ್ಕೆ ಜೊಳ್ಳು ಸುರಿದಳು.

ನೋಡಿ ಮಗ್ಗುಲು ಬದಲಿಸಿ ಮಲಗಿದ ನಮ್ಮ ಗುಂಪಿನ ಮಹನೀಯರನ್ನು ನೆನೆದರೆ ಹೇಸಿಗೆಯಾಗುತ್ತದೆ. ಈಗ ಈ ಪೋಸ್ಟ್ ಓದುತ್ತಿರುವ ನೀವಾದರೂ, ನಮ್ಮ ಪಿ.ಜೆ. ಬಡಾವಣೆಯ ಹತ್ತಿರ ಈ ಹೊತ್ತಿನಲ್ಲಿ ಬಾಗಿಲು ತೆರೆಯುವ ಮಕ್ಕಳ ಡಾಕ್ಟರು ಗೊತ್ತಿದ್ದರೆ, ದಮ್ಮಯ್ಯ, ಬೆಳಗಾಗುವ ಮೊದಲು ನನಗೆ ಫೋನ್ ಮಾಡಿ.