ಲಂಡನ್ ನಂಜಪ್ಪನ್ ಮತ್ತು ಕಿರುಚುವ ಕ್ಯಾಸೆಟ್ಟು

ನನ್ನ ಸೋದರಮಾವ ನಂಜಪ್ಪನ್ ಲಂಡನ್ನಿಗೆ ಹೋದವನಲ್ಲ. ಕೊಯಮತ್ತೂರು ಬಿಟ್ಟು ಅವನು ಹೋದ ಅತಿ ದೂರದ ಊರು ಪಳನಿ, ಅದೂ ತಲೆ ಬೋಳಿಸಿಕೊಳ್ಳಲು. ಆದರೂ ನಮ್ಮ ನೇಕಾರರ ಬೀದಿಯಲ್ಲಿ ಅವನಿಗಿದ್ದ ಹೆಸರು ‘ಲಂಡನ್ ನಂಜಪ್ಪನ್’.

ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ಒಂದು ಬಟ್ಟೆ ಅಂಗಡಿಯ ಮಾಳಿಗೆ ಮೆಟ್ಟಿಲ ಕೆಳಗೆ ಅವನ ರಿಪೇರಿ ಅಂಗಡಿ. ರೇಡಿಯೋ, ಟೇಪ್ ರೆಕಾರ್ಡರ್, ಆಮೇಲಾಮೇಲೆ ಟಿವಿ. ಒಳಗೆ ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತಿತ್ತು. ಇಪ್ಪತ್ತೆರಡು ವರ್ಷ ಹಾಗೆ ಬಗ್ಗಿ ಕೂತು ಅವನ ಬೆನ್ನು ಬೀದಿಯಲ್ಲೂ ಬಗ್ಗಿಯೇ ನಡೆಯುತ್ತಿತ್ತು. ಕಣ್ಣು ಮಂಜಾಗಿತ್ತು, ಕೈಬೆರಳಿಗೆಲ್ಲ ಬೆಸುಗೆಯ ಸುಟ್ಟ ಕಲೆ. ಸಂಜೆ ಮನೆಗೆ ಬಂದರೆ ರೇಡಿಯೋ ಹಾಕಲು ಬಿಡುತ್ತಿರಲಿಲ್ಲ. “ದಿನಾ ಅದರ ಕರುಳು ನೋಡಿ ಸಾಕಾಗಿದೆ, ಕಣ್ಣು. ಮನೇಲಾದ್ರೂ ಸುಮ್ನೆ ಇರ್ಲಿ” ಎನ್ನುತ್ತಿದ್ದ. ತಮಿಳರಂತೆ ನನ್ನನ್ನು ಮುದ್ದಿಗೆ ‘ಕಣ್ಣು’ ಎಂದೇ ಕರೆಯುತ್ತಿದ್ದ.

ಅವನಿಗೆ ಉಳಿದಿದ್ದ ಒಂದೇ ಚಟ ಲಂಡನ್ ಪತ್ರಿಕೆ. ಅಲ್ಲೇ ಹತ್ತಿರದ ಡಾಕ್ಟರ್ ಒಬ್ಬರಿಗೆ ಅವರ ತಮ್ಮ ಇಂಗ್ಲೆಂಡಿನಿಂದ ಎಲೆಕ್ಟ್ರಾನಿಕ್ಸ್ ಪತ್ರಿಕೆಗಳನ್ನು ಕಳಿಸುತ್ತಿದ್ದರು. ಆರು ತಿಂಗಳು ಹಳತಾದ ಮೇಲೆ ಅವು ಮಾವನ ಅಂಗಡಿ ಸೇರುತ್ತಿದ್ದವು. ನಿಘಂಟು ಇಟ್ಟುಕೊಂಡು ಅಕ್ಷರ ಅಕ್ಷರ ಓದುತ್ತಿದ್ದ. ಭಾನುವಾರ ನಮ್ಮ ಜಗಲಿಯಲ್ಲಿ ಕೂತು ಸುದ್ದಿ ಬಿಚ್ಚುತ್ತಿದ್ದ: ಅಲ್ಲಿ ಮನೆಮನೆಗೂ ಕಂಪ್ಯೂಟರ್ ಬಂದಿದೆಯಂತೆ, ಟಿವಿಗೆ ಸಿಕ್ಕಿಸಿ ಆಟ ಆಡುತ್ತಾರಂತೆ, ಆಟ ಬರುವುದು ನಮ್ಮ ಹಾಡಿನ ಕ್ಯಾಸೆಟ್ಟಿನಲ್ಲೇ ಅಂತೆ. ಕ್ಯಾಸೆಟ್ಟಿನಲ್ಲಿ ಆಟ ಹೇಗಿರುತ್ತದೆ ಮಾವ ಎಂದು ಕೇಳಿದರೆ, “ಇರುತ್ತೆ, ಬಿಡು” ಎಂದು ಮೂಗು ಒರೆಸಿಕೊಳ್ಳುತ್ತಿದ್ದ. ಬಲ್ಲವನೇ ಬಲ್ಲ ಬೆಲ್ಲದ ಸವಿಯ. ಇವನು ಬೆಲ್ಲದ ಮೇಲಿನ ಕಾಗದವನ್ನಷ್ಟೇ ಓದಿದ್ದ. ಅಂಥದ್ದೇ ಒಂದು ಕಂಪ್ಯೂಟರ್ ಡಾಕ್ಟರ ಮನೆಗೂ ಬಂದು, ನಡೆಸಲು ಯಾರಿಗೂ ತಿಳಿಯದೆ, ಬೀರುವಿನ ಮೇಲೆ ಪೆಟ್ಟಿಗೆಯಲ್ಲೇ ಕೂತಿತ್ತು.

ನಮ್ಮ ಬೀದಿಯ ಬೆಳ್ಳಿಯಮ್ಮನ ಮಗ ಸುಬ್ಬಯ್ಯನ್ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಫಿಟ್ಟರ್ ಆಗಿದ್ದವನು, ಇಂಗ್ಲೆಂಡಿನ ಲೆಸ್ಟರ್ ಸೇರಿ, ಅಲ್ಲಿಯ ಒಬ್ಬ ನರ್ಸನ್ನು ಮದುವೆಯಾಗಿದ್ದ. ಅವರ ಮಗಳು ಸಾಂತಿ, ಹನ್ನೆರಡು ವರ್ಷ. ಅಜ್ಜಿಗೆ ಇಂಗ್ಲಿಷ್ ಬಾರದು, ಮೊಮ್ಮಗಳಿಗೆ ಕನ್ನಡ ಬಾರದು.

ಕಾಗದ ಬರೆಯೋಣವೆಂದರೆ ಇನ್ನೊಂದು ತಾಪತ್ರಯ. ನಮ್ಮವರು ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡದ ಅಕ್ಷರ ಬೀದಿಯಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ನಾನೂ ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಕಲಿತವಳು. ಮಗ ತಮಿಳಿನಲ್ಲಿ ಬರೆದದ್ದನ್ನು ಪಕ್ಕದ ಮನೆಯವರು ಓದಿ ಹೇಳಿದರೆ ಬೆಳ್ಳಿಯಮ್ಮನಿಗೆ ಸಿಟ್ಟು ಬರುತ್ತಿತ್ತು. “ಇದು ಎನ್ ಮಗ ಮಾತಾಡೋ ಥರ ಇಲ್ಲ, ಕೋರ್ಟ್ ನೋಟೀಸ್ ಥರ ಇದೆ” ಎಂದು ಹರಿದು ಹಾಕಿದ್ದಳು. ಅಂದಿನಿಂದ ಕ್ಯಾಸೆಟ್ಟು. ಮಗ ಕನ್ನಡದಲ್ಲಿ ಮಾತಾಡಿ ಕಳಿಸುವುದು, ಮಾವನ ಅಂಗಡಿಯಲ್ಲಿ ಅವಳು ಕೇಳುವುದು, ಅದರ ಮೇಲೇ ತನ್ನ ಉತ್ತರ ತುಂಬಿಸಿ ವಾಪಸು ಕಳಿಸುವುದು. ಒಂದೇ ಕ್ಯಾಸೆಟ್ಟು ಹೋಗುತ್ತ ಬರುತ್ತ ಇತ್ತು. ಮಗನ ಮಾತು ಅಳಿಸಿ ತಾಯಿಯ ಮಾತು, ತಾಯಿಯದು ಅಳಿಸಿ ಮಗನದು. ಅದರಲ್ಲಿ ತಪ್ಪೇನೂ ಯಾರಿಗೂ ಕಾಣಲಿಲ್ಲ.

ಎಂಬತ್ತೈದರ ಆಡಿ, ಅಂದರೆ ಆಷಾಢ ತಿಂಗಳಲ್ಲಿ ಬಂದದ್ದು ಬೇರೆ ಕ್ಯಾಸೆಟ್ಟು. ಮೇಲೆ ಇಂಗ್ಲಿಷಿನಲ್ಲಿ ‘ಪಾಟಿ’, ತಮಿಳಿನ ಅಜ್ಜಿ, ಎಂದಷ್ಟೇ ಬರೆದಿತ್ತು. ಹಾಕಿದರೆ ಮೊದಲು ಕೂಊಊ ಎಂದು ಒಂದೇ ಸ್ವರ, ಆಮೇಲೆ ಕರ್ರ್ ಕೀಂ ಎಂದು ಕಿವಿ ಹರಿಯುವ ಕಿರುಚಾಟ. ಐದು ನಿಮಿಷ ಅದೇ. ಮುಂದೆ ಖಾಲಿ.

“ಏನಪ್ಪಾ ನಂಜಪ್ಪಾ, ಹಿಂಗ್ ಕತ್ತುತ್ತೆ, ಹಿಂಗ್ ಕಿರುಚುತ್ತೆ? ನಿನ್ ಮೆಷಿನ್ ಕೆಟ್ಟೋಯ್ತಾ?”

ಮಾವ ಟೇಪು ಉಜ್ಜುವ ಹೆಡ್ಡು ಒರೆಸಿದ, ಸ್ಕ್ರೂ ತಿರುಗಿಸಿದ, ಬೇರೆ ಮೆಷಿನ್ನಿಗೆ ಹಾಕಿದ. ಕಿರುಚಾಟ ಇನ್ನೂ ಚೆನ್ನಾಗಿ ಕೇಳಿತು. “ಟಪಾಲಲ್ಲಿ ಬರುವಾಗ ಕೆಟ್ಟಿದೆ, ಅಕ್ಕಾ. ಇದರ ಮೇಲೇ ನೀವು ಮಾತಾಡಿ” ಎಂದ. ಆದರೆ ರೆಕಾರ್ಡ್ ಗುಂಡಿ ಒಳಗೆ ಹೋಗಲಿಲ್ಲ. ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಯಾರೋ ಮುರಿದಿದ್ದರು. ಇದನ್ನು ಅಳಿಸಬೇಡಿ ಎಂಬುದಕ್ಕೆ ಕಂಪನಿಯವರು ಮಾಡುವ ಗುರುತು ಅದು. ಆ ತೂತಿನ ಮೇಲೆ ಒಂದು ತುಂಡು ಅಂಟುಟೇಪು ಹಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆಂದು ಕೊಯಮತ್ತೂರಿನ ಎಲ್ಲ ಮೆಕ್ಯಾನಿಕ್ಕುಗಳಿಗೂ ಗೊತ್ತು. ಮಾವನೂ ನೋಡದೆಯೇ ಹಚ್ಚಿದ. ಬೆಳ್ಳಿಯಮ್ಮ ಸೊಂಟನೋವು, ಹುಣಿಸೆಹಣ್ಣಿನ ಬೆಲೆ, ಕಿರುಚುವ ಟೇಪು ಕಳಿಸಿದ್ದಕ್ಕೆ ಮಗನಿಗೆ ಬೈಗುಳ, ಎಲ್ಲ ತುಂಬಿಸಿ ಕಳಿಸಿದಳು.

ಮುಂದಿನ ಕ್ಯಾಸೆಟ್ಟು ದೀಪಾವಳಿಗೆ ಸ್ವಲ್ಪ ಮೊದಲು ಬಂತು. ಬೆಳಗ್ಗೆ ಅಂಗಡಿ ತೆರೆದವನೇ ಮಾವ ಎಂದಿನಂತೆ ಹೆಡ್‌ಫೋನ್ ಹಾಕಿ ಪರೀಕ್ಷಿಸಿದ. ಸುಬ್ಬಯ್ಯನ ಮಾತು.

“ಅಮ್ಮಾ, ಹೋದ್ಸಲ ಬಂದಿದ್ದು ನನ್ ಟೇಪಲ್ಲ. ಸಾಂತಿ ನನಗೆ ಹೇಳ್ದೇ ಕಳ್ಸಿದ್ಳು. ಲೈಬ್ರರೀಲಿ ಕನ್ನಡದ ಪುಸ್ತಕ ಹುಡುಕಿ, ನಿನ್ ಹೆಸರು ಕನ್ನಡದಲ್ಲಿ ಹೆಂಗ್ ಬರೆಯೋದು ನೋಡಿ, ಕಂಪ್ಯೂಟರ್‌ನಲ್ಲಿ ಒಂದೊಂದೇ ಚುಕ್ಕಿ ಇಟ್ಟು ಬರೆದಿದ್ಳು. ಆ ಕಿರುಚೋ ಸದ್ದನ್ನ ಕಂಪ್ಯೂಟರ್‌ಗೆ ಕೇಳಿಸಿದ್ರೆ ಟಿವೀಲಿ ಹೆಸರು ಬರುತ್ತೆ, ಅದರ ಕೆಳಗೆ ಮಗ್ಗ ಆಡುತ್ತೆ, ಕೀ ಒತ್ತಿದ್ರೆ ಸೀರೆ ನೇಯುತ್ತೆ. ಎರಡು ತಿಂಗಳು ಕೂತಿದ್ಳು. ಡಾಕ್ಟರ ಮನೇಲಿ ಅದೇ ಮೆಷಿನ್ ಇದೆ ಅಂತ ನೀನೇ ಹೇಳಿದ್ದೆಯಲ್ಲ. ಇನ್ನೊಂದು ಕಾಪಿ ಇಟ್ಟಿಲ್ಲಮ್ಮಾ. ಅಳಿಸ್ಬಾರ್ದು ಅಂತ ಹಿಂದಿನ ಚೂರು ಮುರಿದಿದ್ಳು. ಈಗ ಮತ್ತೆ ಬರಿ ಅಂದ್ರೆ ಬಾಗಿಲು ಹಾಕ್ಕೊಳ್ತಾಳೆ.”

ಊರಿಗೆಲ್ಲ ಕ್ಯಾಸೆಟ್ಟಿನ ಆಟದ ಸುದ್ದಿ ಹೇಳಿದವನು ನನ್ನ ಮಾವ. ಆ ಆಟ ಅವನ ಕೈಗೇ ಬಂದು ಐದು ನಿಮಿಷ ಕೂಗಿತ್ತು. ಮೊದಲು ಅವನಿಗೆ ಹೊಳೆದದ್ದು, ಸುಬ್ಬಯ್ಯನ ಆ ಎರಡು ನಿಮಿಷದ ಮಾತನ್ನು ಅಳಿಸಿಬಿಡುವುದು. ಗುಂಡಿಯ ಮೇಲೆ ಬೆರಳೂ ಇಟ್ಟಿದ್ದನಂತೆ. ಅಳಿಸಿದ್ದರೆ ಬೆಳ್ಳಿಯಮ್ಮನಿಗೆ ಏನೂ ತಿಳಿಯುತ್ತಿರಲಿಲ್ಲ. “ಇನ್ನೂ ಒಂದನ್ನ ಅಳಿಸೋ ಶಕ್ತಿ ಇರ್ಲಿಲ್ಲ, ಕಣ್ಣು” ಎಂದು ವರ್ಷಗಳ ಮೇಲೆ ನನಗೆ ಹೇಳಿದ.

ಹನ್ನೊಂದು ಗಂಟೆಗೆ ಬೆಳ್ಳಿಯಮ್ಮ ಬಂದು ಸ್ಟೂಲಿನ ಮೇಲೆ ಕೂತು ಕೇಳಿದಳು. ಮುಗಿದ ಮೇಲೆ ಮತ್ತೊಮ್ಮೆ ಹಾಕಿಸಿದಳು.

“ಆ ಕಿರುಚಾಟದೊಳಗೆ ಎನ್ ಹೆಸರಿತ್ತಾ?”

“ಇತ್ತು, ಅಕ್ಕಾ. ತಪ್ಪು ನಂದು. ಅವಳು ಮುರಿದು ಕಳ್ಸಿದ್ಳು, ನಾನು ಮುಚ್ಚಿ ಅಳಿಸ್ದೆ.”

ಬೈಯುತ್ತಾಳೆಂದು ಮಾವ ತಲೆ ತಗ್ಗಿಸಿದ್ದ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ.

“ಓದೋಕಂತೂ ನಂಗೆ ಬರ್ತಿರ್ಲಿಲ್ಲ, ಬಿಡು” ಎಂದಳು. “ಎನ್ ಪೇತ್ತಿ, ಎನ್ ಮೊಮ್ಮಗ್ಳು ಬರೆದಿದ್ದು ಅಂತ ನೋಡ್ತಾ ಕುಂತಿರ್ತಿದ್ದೆ.”

ಮೇಜಿನ ಮೇಲಿದ್ದ ಪೆನ್ಸಿಲನ್ನು ಅವನ ಕಡೆ ಸರಿಸಿದಳು. “ನೀನ್ ಅಷ್ಟು ಓದಿದೋನು. ಅದು ಹೆಂಗಿರುತ್ತೆ? ಎನ್ ಹೆಸರು ಒಂದ್ಸಲ ಕನ್ನಡದಲ್ಲಿ ಬರೆದು ತೋರ್ಸು.”

ಮಾವ ಪೆನ್ಸಿಲ್ ತೆಗೆದುಕೊಂಡ. ಲಂಡನ್ ಪತ್ರಿಕೆಯ ಅಂಚಿನಲ್ಲಿ ಅದರ ಮೊನೆ ಇಟ್ಟ. ಏನೂ ಬರೆಯದೆ ಪೆನ್ಸಿಲನ್ನು ವಾಪಸು ಮೇಜಿನ ಮೇಲಿಟ್ಟ.

“ನನಗೂ ಬರೋದಿಲ್ಲ, ಅಕ್ಕಾ” ಎಂದ.